ಹಳೆಯ ಡೀಸೆಲ್ ಟ್ರ್ಯಾಕ್ಟರಿಗೆ ತಕ್ಕ ಎಣ್ಣೆ

ಕಾಗಿನೆಲೆಗೆ ಸಮೀಪದ ಹಳ್ಳಿಯೊಂದರಿಂದ ಸಹೋದರಿಯೊಬ್ಬರು ಈ ಪುಟಕ್ಕೆ ಪತ್ರ ಬರೆದಿರುವರು. ಅವರ ಮಾವನವರು ಸುಮಾರು ಐವತ್ತು ವರ್ಷಗಳ ಹಿಂದೆ ಕೊಂಡ ಡೀಸೆಲ್ ಟ್ರ್ಯಾಕ್ಟರು ಇನ್ನೂ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ನಿಂತಿರುವದು. ಕೊಂಡವರು ಮಾತ್ರ ಈಗಿಲ್ಲ. ಅದರ ಎಂಜಿನ್ನಿಗೆ ಹಾಕತಕ್ಕ ಎಣ್ಣೆಯ ವಿಷಯದಲ್ಲಿ ಮನೆಯೊಳಗೆ ಮೂರು ಮತಗಳಾಗಿರುವವಂತೆ. ಇಷ್ಟು ಸವೆದ ಎಂಜಿನ್ನಿಗೆ ಆದಷ್ಟು ಗಟ್ಟಿಯಾದ ಎಣ್ಣೆಯನ್ನೇ ಹೊಯ್ಯಬೇಕೆಂದು ಊರ ಮಿಸ್ತ್ರಿಯ ಹೇಳಿಕೆ. ಎಲ್ಲಕ್ಕೂ ಹೊಸದಾಗಿ ಬಂದಿರುವ ತೆಳುವಾದ ಸಿಂಥೆಟಿಕ್ ಎಣ್ಣೆಯೇ ಶ್ರೇಷ್ಠವೆಂದು ಅಂಗಡಿಯವನ ಹೇಳಿಕೆ. ಎಣ್ಣೆಯ ಮಾತೇ ಬೇಡ, ಇದನ್ನು ಮಾರಿ ಬ್ಯಾಂಕಿನ ಸಾಲ ತೆಗೆದು ಹೊಸದನ್ನೇ ತರೋಣವೆಂದು ಮಗನ ಹಟ. “ಗುರುಗಳೆ, ಮೂವರ ಮಾತೂ ಆಯಾ ಹೊತ್ತಿಗೆ ಖರೆಯೆನಿಸುವದು, ರೋಹಿಣಿ ಮಳೆ ಬೀಳುವದರೊಳಗೆ ಒಂದು ನಿಶ್ಚಯವಾಗಬೇಕು” ಎಂದು ಅವರು ಕೇಳಿರುವರು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಎಂಜಿನ್ ಎಣ್ಣೆಯ ವಿಚಾರವೇಕೆಂದು ಕೆಲ ವಾಚಕರು ಕೇಳಬಹುದು. ಒಕ್ಕಲುತನದ ಮನೆಯಲ್ಲಿ ಎತ್ತಿನ ಮೇವಿನ ಚಿಂತೆ ಹೆಣ್ಣುಮಕ್ಕಳಿಗೆ ಎಂದಾದರೂ ತಪ್ಪಿದ್ದುಂಟೆ? ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿತು. ಅದು ಹರಗುವ ದಿನ ಕೆಟ್ಟು ನಿಂತರೆ ಆ ವರ್ಷದ ಬಿತ್ತಿಗೆಯೂ, ಅದರ ಹಿಂದಿನಿಂದ ಅಡಿಗೆಮನೆಯ ಡಬ್ಬಿಗಳೂ ಬರಿದಾಗುವವು. ಆದಕಾರಣ ಪ್ರಶ್ನೆಯು ಈ ಪುಟಕ್ಕೆ ಸಲ್ಲತಕ್ಕದ್ದೇ ಆಗಿರುವದು.

ನಮ್ಮ ದೇಶದಲ್ಲಿ ಟ್ರ್ಯಾಕ್ಟರು ಸಿದ್ಧವಾಗತೊಡಗಿದ್ದು ೧೯೫೯ರಲ್ಲಿ, ಫರಿದಾಬಾದಿನ ಐಷರ್ ಕಾರಖಾನೆಯಿಂದ. ಮುಂದೆ ಮದ್ರಾಸಿನಲ್ಲಿ ಟಾಫೆಯವರು ಮ್ಯಾಸಿ ಫರ್ಗ್ಯುಸನ್ನನ್ನೂ, ೧೯೬೩ರಿಂದ ಮಹೀಂದ್ರದವರು ಇಂಟರ್‌ನ್ಯಾಶನಲ್ ಕಂಪನಿಯೊಡನೆ ಕೂಡಿ ಬಿ-೨೭೫ ಎಂಬುದನ್ನೂ, ೧೯೭೧ರಿಂದ ಎಚ್.ಎಂ.ಟಿ.ಯವರು ಪಿಂಜೋರಿನಲ್ಲಿ ಝೆಟರ್ ೨೫೧೧ ಎಂಬುದನ್ನೂ ಮಾಡಿ ಮಾರಿದರು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಸೀಮೆಯಲ್ಲಿ ಅಂಥ ಮುದಿ ಟ್ರ್ಯಾಕ್ಟರುಗಳು ಇಂದಿಗೂ ನೀರಿನ ಟ್ಯಾಂಕು ಎಳೆಯುತ್ತ, ಗೋವಿನಜೋಳದ ರಾಶಿಯಂತ್ರ ತಿರುಗಿಸುತ್ತ ದುಡಿಯುತ್ತಿರುವವು. ಆದರೆ ಎಚ್.ಎಂ.ಟಿ.ಯ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರವು ೨೦೧೬ರಲ್ಲಿ ನಿರ್ಣಯಿಸಿತು. ಉಳಿದ ಕಂಪನಿಗಳವರೂ ಹೊಸ ಮಾದರಿಗಳ ಲೆಕ್ಕದಲ್ಲಿರುವರು. ಯಂತ್ರದೊಡನೆ ಬಂದ ಕೈಪಿಡಿಯನ್ನು ಇಲಿಯೋ ಗೆದ್ದಲೋ ತಿಂದಿರುವದು. ಕೇಳಲಿಕ್ಕೆ ಯಾರೂ ಇಲ್ಲದ್ದರಿಂದಲೇ ಮಿಸ್ತ್ರಿಗೂ ಅಂಗಡಿಯವನಿಗೂ ಇಷ್ಟು ಅಧಿಕಾರ ಬಂದಿರುವದು.

ಸಂಸ್ಕೃತದಲ್ಲಿ ಜಿಡ್ಡಿಗೂ ಪ್ರೀತಿಗೂ ‘ಸ್ನೇಹ’ವೆಂಬುದು ಒಂದೇ ಶಬ್ದ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ, ಎಣ್ಣೆಯಿಂದ ಬಂಡಿಯ ಅಚ್ಚು ಹೇಗೆ ದೃಢವಾಗುವದೋ ಹಾಗೆಯೇ ಶರೀರವೂ ಎಂದು ಉಪಮಾನ ಕೊಟ್ಟಿರುವದು. ನಮ್ಮ ಹಿರಿಯರು ಬಂಡಿಯ ಗಾಲಿಗೆ ಹಾಕುತ್ತಿದ್ದ ಕೀಲೆಣ್ಣೆಯು ಬಹುಮಟ್ಟಿಗೆ ಔಡಲದ್ದೇ. ವಿಲಾಯತಿಯ ವೇಕ್‌ಫೀಲ್ಡ್ ಕಂಪನಿಯವರು ೧೯೦೯ರಲ್ಲಿ ತಮ್ಮ ಎಂಜಿನ್ ಎಣ್ಣೆಗೆ ಔಡಲ ಎಣ್ಣೆಯನ್ನು ಬೆರಸಿ, ಅದರ ಇಂಗ್ಲಿಷ್ ಹೆಸರಿನಿಂದಲೇ ‘ಕ್ಯಾಸ್ಟ್ರಾಲ್’ ಎಂದು ಕರೆದರು. ಇದನ್ನು ಕೇಳಿ ಯಾರಾದರೂ ಟ್ರ್ಯಾಕ್ಟರಿಗೆ ಔಡಲ ಎಣ್ಣೆ ಸುರುವಿಯಾರೆಂದು ಹೇಳಿಬಿಡುವೆನು: ಅದು ಬಹುಹೊತ್ತಿನ ಕಾವಿಗೆ ಅಂಟಿನಂತೆ ಗಟ್ಟಿಯಾಗುವದು, ಭೂಮಿಯಿಂದ ತೆಗೆದ ಎಣ್ಣೆಯೊಡನೆ ಚೆನ್ನಾಗಿ ಬೆರೆಯುವದೂ ಇಲ್ಲ.

ಗಾಲಿಯ ಅಚ್ಚಿಗೆ ಎಣ್ಣೆ ಬೇಕಾಗುವದು ಜಾರಲಿಕ್ಕೆ ಮಾತ್ರ. ಎಂಜಿನ್ನಿನಲ್ಲಿ ಎಣ್ಣೆಗೆ ನಾಲ್ಕು ಕೆಲಸ. ತಿರುಗುವ ಭಾಗಗಳು ಒಂದಕ್ಕೊಂದು ತಿಕ್ಕದಂತೆ ನಡುವೆ ಪೊರೆಯಾಗಿ ನಿಲ್ಲುವದು. ನೀರು ಮುಟ್ಟಲಾರದ ಒಳಜಾಗಗಳ ಕಾವನ್ನು ಹೊತ್ತು ತರುವದು. ಡೀಸೆಲು ಉರಿದ ಮಸಿಯನ್ನು ಗೋಡೆಗೆ ಹತ್ತಗೊಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವದು. ಉರಿಯುವಾಗ ಹುಟ್ಟುವ ಆಮ್ಲವನ್ನು ಕೊಲ್ಲುವದು. ಮೊದಲಿನ ಎರಡು ಕೆಲಸಗಳು ಎಣ್ಣೆಯ ಮಂದತೆಯನ್ನೂ, ಕಡೆಯ ಎರಡು ಅದರಲ್ಲಿ ಬೆರಸಿದ ಔಷಧಿಗಳನ್ನೂ ಅವಲಂಬಿಸಿರುವವು. ಡಬ್ಬಿಯ ಮೇಲೆ ಕಾಣುವ ಅಂಕಿಗಳು ಮಂದತೆಯನ್ನು ಹೇಳುವವು, ಅಕ್ಷರಗಳು ಔಷಧಿಯ ದರ್ಜೆಯನ್ನು ಹೇಳುವವು. ಇವೆರಡನ್ನು ಬೇರೆ ಬೇರೆ ತಿಳಿದುಕೊಳ್ಳದ್ದರಿಂದಲೇ ಮಿಸ್ತ್ರಿಗೂ ಅಂಗಡಿಯವನಿಗೂ ವಾದ ಹುಟ್ಟಿರುವದು.

ಮೊದಲು ಅಂಕಿಗಳು. ಅಮೇರಿಕೆಯ ವಾಹನ ಎಂಜಿನಿಯರರ ಸಂಘವು, ಅಂದರೆ ಎಸ್.ಎ.ಇ.ಯು, ೧೯೧೧ರಷ್ಟು ಹಿಂದೆಯೇ ಎಣ್ಣೆಗಳನ್ನು ಮಂದತೆಯ ಮೇಲಿಂದ ವಿಂಗಡಿಸಿತು. ಶಾಸ್ತ್ರಜ್ಞರು ಈ ಮಂದತೆಗೆ ಸ್ನಿಗ್ಧತೆಯೆಂದು ಹೆಸರಿಟ್ಟಿರುವರು. ಈಗಿನ ಕ್ರಮದಂತೆ, ನೀರು ಕುದಿಯುವ ಕಾವಿಗೆ, ಎಂದರೆ ೧೦೦ ಅಂಶ ಸೆಂಟಿಗ್ರೇಡಿಗೆ, ೯.೩ರಿಂದ ೧೨.೫ ಸೆಂಟಿಸ್ಟೋಕಿನೊಳಗೆ ಇರುವ ಎಣ್ಣೆಗೆ ೩೦ ಎಂದೂ, ೧೨.೫ರಿಂದ ೧೬.೩ರೊಳಗೆ ಇರುವದಕ್ಕೆ ೪೦ ಎಂದೂ, ಅದಕ್ಕೂ ಮೇಲಿನದಕ್ಕೆ ೫೦ ಎಂದೂ ಅನ್ನುವರು. ‘೧೫ ಡಬ್ಲ್ಯೂ ೪೦’ ಎಂದು ಎರಡು ಅಂಕಿಗಳಿದ್ದರೆ ಡಬ್ಲ್ಯೂ ಅಕ್ಷರದೊಡನೆ ಇರುವದು ಚಳಿಗಾಲದ ಗುಣ, ಕಡೆಯದು ಕಾದ ಮೇಲಿನ ಮಂದತೆ. ಈ ಚಳಿಯಾದರೂ ನಮ್ಮ ಮಾಘಮಾಸದ ಚಳಿಯಲ್ಲ. ೧೫ರ ಪರೀಕ್ಷೆಯು ಸೊನ್ನೆಗಿಂತ ೨೦ ಅಂಶ ಕೆಳಗೂ, ೨೦ರದು ಸೊನ್ನೆಗಿಂತ ೧೫ ಅಂಶ ಕೆಳಗೂ ನಡೆಯುವದು. ನೀರು ಹೆಪ್ಪುಗಟ್ಟುವದನ್ನೇ ಕಾಣದ ನಮ್ಮ ಸೀಮೆಗೆ ೧೫ ಆದರೇನು, ೨೦ ಆದರೇನು! ಗೃಹಸ್ಥನು ಲಕ್ಷ್ಯ ಕೊಡತಕ್ಕದ್ದು ಕಡೆಯ ಅಂಕಿಗೆ.

ಹಳೆಯ ಎಂಜಿನ್ನುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬಿಸಿಲ ದೇಶಕ್ಕೆ ೩೦ ಇಲ್ಲವೆ ೪೦ರ ಒಂಟಿ ಅಂಕಿಯ ಎಣ್ಣೆಯನ್ನು, ಎಚ್.ಡಿ. ಎಂಬ ಅಕ್ಷರಗಳ ಸಹಿತ, ಹೇಳುತ್ತಿದ್ದರು. ಆ ಎಂಜಿನ್ನುಗಳ ಬೇರಿಂಗುಗಳ ನಡುವಣ ಸಂದು, ಎಣ್ಣೆ ಪಂಪಿನ ಒತ್ತಡ, ಎಲ್ಲವೂ ಆ ಮಂದತೆಯನ್ನು ಲೆಕ್ಕಹಿಡಿದೇ ಮಾಡಿದವು. ೧೫ ಡಬ್ಲ್ಯೂ ೪೦ ಅಥವಾ ೨೦ ಡಬ್ಲ್ಯೂ ೪೦ ಎಣ್ಣೆಯು ಕಾದ ಮೇಲೆ ಹಳೆಯ ೪೦ರಂತೆಯೇ ನಡೆಯುವದು. ಮುಂಜಾನೆಯ ತಂಪಿನಲ್ಲಿ ಮಾತ್ರ ಹಳೆಯದಕ್ಕಿಂತ ಬೇಗನೆ ಹರಿದು ಮೇಲಿನ ವಾಲ್ವುಗಳನ್ನು ಮುಟ್ಟುವದು. ಆದುದರಿಂದ ನಮ್ಮ ಭಾಗದ ಹಳೆಯ ನೀರುತಂಪಿನ ಎಂಜಿನ್ನುಗಳಿಗೆ ಇವೆರಡರಲ್ಲಿ ಒಂದು ಯುಕ್ತವಾದದ್ದು. ಒಂಟಿ ೪೦ನ್ನೇ ಹಾಕುತ್ತ ಬಂದವರು ಗಾಬರಿಪಡಬೇಕಾದ್ದಿಲ್ಲ. ಚಾಲೂ ಮಾಡಿದ ಕೂಡಲೆ ಎಕ್ಸಿಲೇಟರು ಒತ್ತದೆ ಒಂದೆರಡು ನಿಮಿಷ ಸಾವಕಾಶ ತಿರುಗಗೊಟ್ಟರಾಯಿತು. ಮೊದಲಿನ ಐಷರಿನಂಥ ಗಾಳಿತಂಪಿನ ಎಂಜಿನ್ನುಗಳ ಮಾತು ಬೇರೆ. ಅವು ಹೆಚ್ಚು ಕಾಯುವದರಿಂದ ಅವುಗಳ ಕೈಪಿಡಿಯನ್ನು ಹುಡುಕಿ ನೋಡದೆ ಏನನ್ನೂ ಬದಲಿಸಬಾರದು.

ಇನ್ನು ಅಕ್ಷರಗಳು. ಅಮೇರಿಕೆಯ ಪೆಟ್ರೋಲಿಯಂ ಸಂಸ್ಥೆಯವರು, ಅಂದರೆ ಎ.ಪಿ.ಐ.ಯವರು, ಡೀಸೆಲ್ ಎಣ್ಣೆಗಳಿಗೆ ‘ಸಿ’ಯಿಂದ ಆರಂಭವಾಗುವ ದರ್ಜೆಗಳನ್ನು ಕೊಟ್ಟಿರುವರು. ಸಿಡಿ ಎಂಬುದು ೧೯೫೫ರದು, ಸಿಎಫ್-೪ ೧೯೯೦ರದು, ಸಿಐ-೪ ೨೦೦೨ರದು, ಸಿಕೆ-೪ ೨೦೧೬ರ ಕೊನೆಗೆ ಬಂದದ್ದು. ಸಿಡಿಯನ್ನು ಕೇಳುವ ಎಂಜಿನ್ನಿಗೆ ಸಿಐ-೪ನ್ನು ಹಾಕಬಹುದೆಂದು ಆ ಸಂಸ್ಥೆಯವರೇ ಹೇಳಿರುವರು. ಸಿಕೆ-೪ರಲ್ಲಿ ಹೊಸ ಗಾಡಿಗಳ ಹೊಗೆಸೋಸುವ ಸಾಧನಗಳನ್ನು ಕಾಪಾಡಲು ಬೂದಿಯ ಅಂಶಕ್ಕೆ ಮಿತಿ ಹಾಕಿರುವರು. ನಮ್ಮ ಮುದುಕನಿಗೆ ಆ ಸಾಧನವೇ ಇಲ್ಲವಾದ್ದರಿಂದ ಅದಕ್ಕೆಂದು ಹೆಚ್ಚು ಹಣ ಕೊಡುವದು ನಿರರ್ಥಕ. ಸಿಕೆ-೪ರ ಜೊತೆಗೇ ಎಫ್ಎ-೪ ಎಂಬ ಇನ್ನೊಂದು ದರ್ಜೆಯೂ ಹೊರಟಿತು. ಇಂಧನದ ಉಳಿತಾಯಕ್ಕಾಗಿ ತೆಳುವಾಗಿ ಮಾಡಿದ ಅದು ಹಳೆಯ ಎಂಜಿನ್ನುಗಳಿಗೆ ವರ್ಜ್ಯ.

ಈಗ ಅಂಗಡಿಯವನ ತಪ್ಪೂ ಒಪ್ಪೂ ಕಾಣುವವು. ದರ್ಜೆಯಲ್ಲಿ ಹೊಸತನವು ಹಳೆಯ ಎಂಜಿನ್ನಿಗೆ ಹಿತವೇ. ಮಂದತೆಯಲ್ಲಿ ಹೊಸತನವು ಅಹಿತ. ೫ ಡಬ್ಲ್ಯೂ ೩೦ರಂಥ ತೆಳು ಎಣ್ಣೆಯು ಸವೆದ ಬೇರಿಂಗಿನ ಸಂದಿನಿಂದ ಸೋರಿಹೋಗಿ, ಕಾದಾಗ ಒತ್ತಡದ ಮುಳ್ಳು ಕೆಳಗಿಳಿಯುವದು. ಹಳೆಯ ಸೀಲುಗಳಿಂದ ನೆಲಕ್ಕೂ ತೊಟ್ಟಿಕ್ಕುವದು. ಮಿಸ್ತ್ರಿಯ ಮಾತಿನಲ್ಲಿಯೂ ಅರ್ಧ ಸತ್ಯವಿರುವದು. ೩೦ರಲ್ಲಿ ನಡೆಯುತ್ತಿದ್ದ ಎಂಜಿನ್ನು ಸವೆದು, ಕಾದಾಗ ಒತ್ತಡ ಕಡಿಮೆ ತೋರಿಸತೊಡಗಿದರೆ ೪೦ಕ್ಕೆ ಏರುವದು ಸರಿಯೆ. ಆದರೆ ಅಲ್ಲಿಂದ ೫೦ಕ್ಕೂ, ಅದರ ಮೇಲೆ ಜೇನಿನಂಥ ‘ಹೊಗೆ ನಿಲ್ಲಿಸುವ’ ಔಷಧಕ್ಕೂ ಹೋಗುವದು ಜ್ವರವನ್ನು ಕಂಬಳಿ ಹೊದಿಸಿ ಮುಚ್ಚಿದ ಹಾಗೆ. ಹೊಗೆ ಕೆಲ ದಿನ ಕಡಿಮೆಯಾಗಬಹುದು. ಮುಂಜಾನೆ ಆ ಗಟ್ಟಿ ಎಣ್ಣೆ ಮೇಲಕ್ಕೇರುವವರೆಗೆ ಒಣ ಲೋಹಗಳು ತಿಕ್ಕುತ್ತಿರುವದನ್ನು ಯಾರು ಕಾಣುವರು?

ಹಳೆಯ ಕಾಲದವರು ಎಣ್ಣೆಯನ್ನು ಪದೇ ಪದೇ ಬದಲಿಸುತ್ತಿದ್ದುದಕ್ಕೆ ಗಂಧಕವೊಂದು ದೊಡ್ಡ ಕಾರಣ. ಡೀಸೆಲಿನ ಗಂಧಕವು ಉರಿದು, ಉರಿಯಲ್ಲಿ ಹುಟ್ಟಿದ ನೀರಿನೊಡನೆ ಕೂಡಿ ಗಂಧಕಾಮ್ಲವಾಗಿ ಲೈನರು, ರಿಂಗುಗಳನ್ನು ತಿನ್ನುವದು. ೧೯೯೦ರ ದಶಕದ ಮಧ್ಯದವರೆಗೆ ನಮ್ಮ ಡೀಸೆಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಗಂಧಕವಿರಲು ಅಪ್ಪಣೆಯಿತ್ತು. ಅಂದರೆ ಹತ್ತು ಲಕ್ಷಕ್ಕೆ ಹತ್ತು ಸಾವಿರ ಪಾಲು. ೨೦೧೭ರ ಏಪ್ರಿಲಿನಿಂದ ದೇಶದಲ್ಲೆಲ್ಲ ಅದು ಹತ್ತು ಲಕ್ಷಕ್ಕೆ ೫೦ಕ್ಕೆ ಇಳಿಯಿತು, ೨೦೨೦ರ ಏಪ್ರಿಲ್ ೧ರಿಂದ ೧೦ಕ್ಕೆ ಇಳಿದಿರುವದು. ಸಾವಿರಕ್ಕೊಂದು ಪಾಲಾಯಿತು! ಇಂದು ಬ್ಯಾಡಗಿಯ ಪಂಪಿನಲ್ಲಿ ತುಂಬಿಸಿದ ಡೀಸೆಲಿನಿಂದ ಮುದಿ ಎಂಜಿನ್ನಿಗೆ ಆಮ್ಲದ ಭಯವು ಅದರ ಯೌವನದಲ್ಲಿದ್ದುದಕ್ಕಿಂತ ಎಷ್ಟೋ ಕಡಿಮೆ. ಆಮ್ಲ ಕೊಲ್ಲುವ ಶಕ್ತಿ ಅತಿಯಾಗಿರುವ ವಿಶೇಷ ಎಣ್ಣೆಯೇ ಬೇಕೆಂಬ ಮಾತಿಗೆ ಈಗ ಆಧಾರವಿಲ್ಲ.

ಗಂಧಕ ಹೋಯಿತು, ಧೂಳು ಹೋಗಲಿಲ್ಲ. ಒಣಗಿದ ಹೊಲವನ್ನು ಹರಗುವಾಗ ಏಳುವ ಧೂಳೂ, ಗೋವಿನಜೋಳ ಒಕ್ಕುವಾಗ ಹಾರುವ ಹೊಟ್ಟೂ ಎಂಜಿನ್ನಿನ ಉಸಿರಿನೊಡನೆ ಒಳಗೆ ಹೋದರೆ, ಎಷ್ಟು ಉತ್ತಮವಾದ ಎಣ್ಣೆಯೂ ಅರೆಯುವ ಕಲ್ಲಿನ ಮೇಲೆ ಹೊಯ್ದ ನೀರಿನಂತಾಗುವದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿ ಸೋಸುವ ಡಬ್ಬಿಯ ತಳದ ಬಟ್ಟಲಿನಲ್ಲಿಯೂ ಎಂಜಿನ್ ಎಣ್ಣೆಯೇ ಇರುವದು. ಗಾಳಿಯು ಅದನ್ನು ಮುಟ್ಟಿ, ಜಾಳಿಗೆಯನ್ನು ಹಾದು ಹೋಗುವಾಗ ಧೂಳು ಅಲ್ಲಿಯೇ ಹಿಡಿದುಕೊಳ್ಳುವದು. ಧೂಳಿನ ದಿನಗಳಲ್ಲಿ ಈ ಬಟ್ಟಲನ್ನು ದಿನಾಲು ಬಿಚ್ಚಿ ನೋಡತಕ್ಕದ್ದು. ತಳದಲ್ಲಿ ಕೆಸರು ಕೂತಿದ್ದರೆ ಚೆಲ್ಲಿ, ಡೀಸೆಲಿನಿಂದ ತೊಳೆದು, ಒರಸಿ, ಹೊಸ ಎಣ್ಣೆಯನ್ನು ಗೆರೆಯವರೆಗೆ ಮಾತ್ರ ಹಾಕುವದು. ಗೆರೆಗೆ ಕಡಿಮೆಯಾದರೆ ಧೂಳು ದಾಟುವದು. ಹೆಚ್ಚಾದರೆ ಎಂಜಿನ್ನು ಆ ಎಣ್ಣೆಯನ್ನೇ ಹೀರಿ ಉರಿಸಿ, ತಡೆಯಿಲ್ಲದೆ ಓಡತೊಡಗುವ ಅಪಾಯವುಂಟು. ಮಹಾನವಮಿಯಲ್ಲಿ ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ, ಲಿಂಬೆಹಣ್ಣು ಕಟ್ಟಿ, ಕುಂಬಳಕಾಯಿ ಒಡೆಯುವವರನ್ನು ಎಷ್ಟೋ ಕಂಡಿರುವೆನು. ಅಂದೇ ಈ ಬಟ್ಟಲನ್ನು ಬಿಚ್ಚಿ ನೋಡಿದವರು ವಿರಳ.

ಎಂಜಿನ್ನಿನ ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂಬುದಕ್ಕೆ ಮೈಲಿನ ಲೆಕ್ಕವಿಲ್ಲ, ತಾಸಿನ ಲೆಕ್ಕ. ಕೈಪಿಡಿಗಳಲ್ಲಿ ೧೨೫ ತಾಸಿಗೆ ಒಮ್ಮೆ, ಕೆಲವದರಲ್ಲಿ ೨೫೦ ತಾಸಿಗೆ ಒಮ್ಮೆ ಎಂದಿರುವದು. ಆದರೆ ಹಳೆಯ ಟ್ರ್ಯಾಕ್ಟರಿನ ತಾಸಿನ ಮೀಟರು ನಡೆಯುವದೆಲ್ಲಿ? ಇದಕ್ಕೆ ಮನೆಯ ಕಿರ್ದಿಯೇ ಉಪಾಯ. ಮೂವತ್ತೈದು ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರು ಸಾಧಾರಣ ಕೆಲಸದಲ್ಲಿ ತಾಸಿಗೆ ನಾಲ್ಕು ಲೀಟರಿನ ಆಸುಪಾಸು ಡೀಸೆಲು ಕುಡಿಯುವದೆಂದು ಹಿಡಿದರೆ, ೧೨೫ ತಾಸು ಎಂದರೆ ೫೦೦ ಲೀಟರು. ಡೀಸೆಲು ತಂದ ದಿನ ಲೀಟರನ್ನು ಬರೆದಿಟ್ಟು, ಕೂಡಿಸಿದಾಗ ೫೦೦ ದಾಟಿದ ಕೂಡಲೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುವದು. ಈ ಲೆಕ್ಕವನ್ನು ಮನೆಯ ಗೃಹಿಣಿಯು ಹಾಲಿನ ಲೆಕ್ಕದ ಮಗ್ಗುಲಲ್ಲೇ ಇಡಬಹುದು. ಕೆಲಸ ಕಡಿಮೆಯಿದ್ದು ಐದುನೂರು ತುಂಬದಿದ್ದರೂ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಬದಲಿಸುವದು ಒಳ್ಳೆಯದು. ನಿಂತ ಎಂಜಿನ್ನಿನಲ್ಲಿಯೂ ತೇವ ಕೂಡಿಕೊಳ್ಳುವದು.

ಇಷ್ಟು ವರ್ಷ ಯಾವದೋ ಬಿಡಿ ಎಣ್ಣೆಯಲ್ಲಿ ನಡೆದ ಎಂಜಿನ್ನಿಗೆ ಒಮ್ಮೆಲೇ ಸಿಐ-೪ನ್ನು ಹಾಕುವವರು ಒಂದು ಎಚ್ಚರಿಕೆಯಿಂದಿರಬೇಕು. ಹೊಸ ಎಣ್ಣೆಯ ತೊಳೆಯುವ ಔಷಧವು ಒಳಗೆ ಹೆಪ್ಪುಗಟ್ಟಿದ ಹಳೆಯ ಗಸಿಯನ್ನು ಎಬ್ಬಿಸಿ, ಪಂಪಿನ ಜಾಲರಿಯನ್ನು ಕಟ್ಟಬಹುದು. ಅದಕ್ಕಾಗಿ ಮೊದಲು ಚೇಂಬರನ್ನು ಇಳಿಸಿ ತೊಳೆಸುವದು ಉತ್ತಮ. ಆಗದಿದ್ದರೆ ಮೊದಲ ಸಲದ ಎಣ್ಣೆಯನ್ನು ೨೫-೩೦ ತಾಸಿಗೆ, ಎರಡನೆಯ ಸಲದ್ದನ್ನು ೫೦-೬೦ ತಾಸಿಗೆ ಫಿಲ್ಟರಿನೊಡನೆ ತೆಗೆದುಬಿಡುವದು. ತೊಳೆಯುವ ಎಣ್ಣೆಯು ಬೇಗನೆ ಕಪ್ಪಾಗುವದನ್ನು ಕಂಡು ‘ಈ ಎಣ್ಣೆ ಕೆಟ್ಟದ್ದು’ ಎನ್ನುವವರುಂಟು. ಮಸಿಯನ್ನು ಎತ್ತಿದ್ದರಿಂದಲೇ ಅದು ಕಪ್ಪಾದದ್ದು. ಪಾತ್ರೆ ತಿಕ್ಕಿದ ನೀರು ಕಪ್ಪಾದರೆ ನಾವು ನೀರನ್ನು ಬಯ್ಯುವೆವೆ? ಭಯಪಡತಕ್ಕದ್ದು ಬೇರೆ ಎರಡು ಚಿಹ್ನೆಗಳಿಗೆ: ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದರೆ ನೀರು ಸೇರಿರುವದು, ಅಳತೆಯ ಕಡ್ಡಿಯಲ್ಲಿ ಎಣ್ಣೆ ತಾನಾಗಿ ಏರುತ್ತಿದ್ದು ಡೀಸೆಲಿನ ವಾಸನೆ ಬರುತ್ತಿದ್ದರೆ ಡೀಸೆಲು ಸೋರಿ ಬೆರೆಯುತ್ತಿರುವದು. ‘ನಮ್ಮ ಟ್ರ್ಯಾಕ್ಟರು ಎಣ್ಣೆಯನ್ನೇ ಕುಡಿಯುವದಿಲ್ಲ’ವೆಂದು ಹಿಗ್ಗುವ ಮನೆಗಳಲ್ಲಿ ಈ ಎರಡನೆಯದು ನಡೆದಿದ್ದರೂ ನಡೆದಿರಬಹುದು.

ಸಂದೂಕದಂತೆ ಸಾಲಾದ ಹಳೆಯ ಮಾದರಿಯ ಡೀಸೆಲ್ ಪಂಪಿದ್ದಲ್ಲಿ ಅದರ ಹೊಟ್ಟೆಯಲ್ಲಿಯೂ ಬೇರೆಯಾಗಿ ಸ್ವಲ್ಪ ಎಂಜಿನ್ ಎಣ್ಣೆ ಇರುವದುಂಟು, ಅದನ್ನು ಮರೆಯಬಾರದು. ಗೇರಿನ ಪೆಟ್ಟಿಗೆಯ ಎಣ್ಣೆಯು ಸಂಪೂರ್ಣ ಬೇರೆಯ ಜಾತಿ, ಅದನ್ನು ಎಂಜಿನ್ನಿಗಾಗಲಿ ಇದನ್ನು ಅದಕ್ಕಾಗಲಿ ಹಾಕತಕ್ಕದ್ದಲ್ಲ. ಬಾರೆಲ್ಲಿನಿಂದ ಬಿಡಿಯಾಗಿ ಅಳೆದುಕೊಡುವ ಅಗ್ಗದ ಎಣ್ಣೆಯಲ್ಲಿ, ಬಳಸಿದ್ದನ್ನೇ ಸೋಸಿ ಬಣ್ಣ ಕಟ್ಟಿದ್ದೂ ಇರಬಹುದಾದ್ದರಿಂದ, ಸೀಲು ಒಡೆಯದ ಡಬ್ಬಿಯನ್ನು ಪಾವತಿಯೊಡನೆ ಕೊಳ್ಳುವದು.

ಇನ್ನು ಮಗನ ಮಾತು. ಎಣ್ಣೆಯ ಜಗಳಕ್ಕಾಗಿ ಟ್ರ್ಯಾಕ್ಟರನ್ನು ಮಾರಬಾರದು. ಎಣ್ಣೆಯಿಂದ ಅದು ಮರಳಿ ಯೌವನ ಪಡೆಯುವದೆಂದು ಇಟ್ಟುಕೊಳ್ಳಲೂ ಬಾರದು. ಒಂದು ತಾಸು ಹೊಲದಲ್ಲಿ ದುಡಿಸಿ, ಕಾದ ಎಂಜಿನ್ನನ್ನು ನಂಬಿಗೆಯ ಮಿಸ್ತ್ರಿಯೊಬ್ಬನಿಂದ ಪರೀಕ್ಷಿಸಬೇಕು. ಹೊಗೆ ಕಪ್ಪಗಿದ್ದರೆ ಗಾಳಿ ಸಾಲದೆ ಹೋಗಿರಬಹುದು ಇಲ್ಲವೆ ಡೀಸೆಲು ಹೆಚ್ಚು ಬೀಳುತ್ತಿರಬಹುದು. ಅದು ಸಣ್ಣ ಖರ್ಚಿನ ದುರಸ್ತಿ. ನೀಲಿ ಹೊಗೆ ನಿಲ್ಲದಿದ್ದರೆ, ಎಂಜಿನ್ನಿನ ಉಸಿರುಕೊಳವೆಯಿಂದ ಹೊಗೆ ದಬದಬನೆ ಹೊರಡುತ್ತಿದ್ದರೆ, ೪೦ರ ಎಣ್ಣೆಯಲ್ಲಿಯೂ ಒತ್ತಡ ನಿಲ್ಲದಿದ್ದರೆ, ರಿಂಗು, ಲೈನರು, ಬೇರಿಂಗುಗಳ ಕೆಲಸ ಬಂದಿರುವದು. ಆ ಖರ್ಚನ್ನು ಬರೆದು, ಮಗ್ಗುಲಲ್ಲಿ ಹೊಸ ಟ್ರ್ಯಾಕ್ಟರಿನ ಕಂತನ್ನು ಬರೆದು ನೋಡಿರಿ. ಆರೆಂಟು ಎಕರೆಯ ಮನೆತನವು ಸ್ವಂತ ಹೊಲಕ್ಕಾಗಿಯೇ ಹೊಸದನ್ನು ಕೊಂಡರೆ, ಮಳೆ ಒಂದು ವರ್ಷ ತಪ್ಪಿದರೂ ಕಂತು ತಪ್ಪದು; ಅಂಥಲ್ಲಿ ನನ್ನ ಮತವು ಹಳೆಯದರ ದುರಸ್ತಿಯ ಕಡೆಗೇ. ಆದರೆ ಮಗನು ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಬ್ಯಾಡಗಿಯ ಪೇಟೆಗೆ ರಾತ್ರಿಯ ಹೊತ್ತು ಟ್ರೇಲರು ಹೊಡೆಯುವವನಾಗಿದ್ದರೆ, ಮೊದಲು ನೋಡತಕ್ಕದ್ದು ಬ್ರೇಕು ಮತ್ತು ದೀಪಗಳನ್ನು. ಅವು ಸರಿಯಾಗುವಂತಿಲ್ಲವಾದರೆ ಮಗನ ಮಾತೇ ನಡೆಯಲಿ. ಹಿರಿಯರ ನೆನಪಿಗೆಂದು ಹುಡುಗನ ಪ್ರಾಣವನ್ನು ಒಡ್ಡುವದು ಸಲ್ಲದು.

ಒಳಮನೆಗೆ ಸಂಬಂಧಿಸಿದ ಒಂದು ಮಾತು ಉಳಿದಿರುವದು. ಬದಲಿಸಿ ತೆಗೆದ ಸುಟ್ಟ ಎಣ್ಣೆಯನ್ನು ಗೆದ್ದಲು ಬಾರದಿರಲೆಂದು ತೊಲೆಗಳಿಗೂ, ತುರಿ ಹೋಗಲೆಂದು ನಾಯಿಯ ಮೈಗೂ, ಕೆಲವೆಡೆ ದನದ ಗಾಯಕ್ಕೂ ಹಚ್ಚುವ ರೂಢಿಯಿರುವದು. ಅದರಲ್ಲಿ ಉರಿದ ಮಸಿಯ ವಿಷಗಳೂ ಲೋಹದ ಪುಡಿಯೂ ಇರುವವು. ಬಹುಕಾಲ ತೊಗಲಿಗೆ ತಾಗುತ್ತಿದ್ದರೆ ತೊಗಲಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಬಾವಿ, ಕೆರೆಗಳ ಹತ್ತಿರ ಚೆಲ್ಲುವದಂತೂ ಕೂಡದು. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿರುವದು. ಅದನ್ನು ಶೇಖರಿಸಿ, ಅಧಿಕೃತವಾಗಿ ಶುದ್ಧಗೊಳಿಸುವವರಿಗೆ ಮುಟ್ಟಿಸುವ ಗ್ಯಾರೇಜಿಗೆ ಕೊಡತಕ್ಕದ್ದು. ಎಣ್ಣೆ ಮೆತ್ತಿದ ಅರಿವೆಗಳನ್ನು ಮಕ್ಕಳ ಬಟ್ಟೆಗಳೊಡನೆ ನೆನೆಯಿಡಬಾರದು. ಹೊಸದಿರಲಿ ಹಳೆಯದಿರಲಿ, ಎಂಜಿನ್ ಎಣ್ಣೆಯನ್ನು ಶೇಂಗಾ ಎಣ್ಣೆಯ ಖಾಲಿ ಡಬ್ಬಿಯಲ್ಲಿ ಎಂದಿಗೂ ತುಂಬಿಡಬಾರದು. ಮೊರಾಕ್ಕೊ ದೇಶದ ಮೆಕ್ನೆಸ್ ಎಂಬಲ್ಲಿ ೧೯೫೯ರಲ್ಲಿ ವಿಮಾನದ ಎಂಜಿನ್ ಎಣ್ಣೆಯನ್ನು ಅಡಿಗೆಯ ಎಣ್ಣೆಗೆ ಬೆರಸಿ ಮಾರಿದ್ದರಿಂದ ಸುಮಾರು ಹತ್ತು ಸಾವಿರ ಜನರ ಕೈಕಾಲುಗಳು ಬಿದ್ದುಹೋದವು. ಅಲ್ಲಿ ನಡೆದದ್ದು ವ್ಯಾಪಾರಿಗಳ ಮೋಸ. ನಮ್ಮ ಮನೆಗಳಲ್ಲಿ ಕತ್ತಲೆಯ ಕೋಣೆಯೊಂದೂ ಚೀಟಿಯಿಲ್ಲದ ಡಬ್ಬಿಯೊಂದೂ ಸಾಕು. ಎಂಜಿನ್ ಎಣ್ಣೆಯು ಬಂದ ಡಬ್ಬಿಯಲ್ಲೇ, ಮುಚ್ಚಳ ಬಿಗಿದು, ಟ್ರ್ಯಾಕ್ಟರಿನ ಚಪ್ಪರದ ಎತ್ತರದ ಹಲಗೆಯ ಮೇಲೆ ಇರಲಿ.